ಅಪ್‌ಡೇಟ್ ಆದಮೇಲೆ ಕಂಪ್ಯೂಟರ್ ಪದೇ ಪದೇ ರೀಸ್ಟಾರ್ಟ್ ಆಗುತ್ತಿದ್ದರೆ ಏನು ಮಾಡಬೇಕು

ವಿಂಡೋಸ್ ಅಪ್‌ಡೇಟ್ ಆಯಿತು. ಕಂಪ್ಯೂಟರ್ ಆನ್ ಆಗುತ್ತದೆ, ಲೋಗೋ ಬರುತ್ತದೆ, ಕೆಳಗೆ ಚುಕ್ಕೆಗಳು ಸುತ್ತುತ್ತವೆ, ಅಷ್ಟರಲ್ಲಿ ಪರದೆ ಕಪ್ಪಾಗಿ ಮತ್ತೆ ಮೊದಲಿನಿಂದ ಶುರು. ಇಂಥ ಹೊತ್ತಲ್ಲಿ ಬಹಳ ಜನ ನೇರವಾಗಿ ಫಾರ್ಮ್ಯಾಟ್‌ಗೆ ಕೈ ಹಾಕುತ್ತಾರೆ. ಅದರ ಅಗತ್ಯ ಬೀಳುವುದು ಕಡಿಮೆ. ಮೊದಲು ಕಂಡುಕೊಳ್ಳಬೇಕಾದ್ದು, ಕಂಪ್ಯೂಟರ್ ಯಾವ ಘಟ್ಟಕ್ಕೆ ಬಂದು ಬೀಳುತ್ತಿದೆ ಎಂಬುದನ್ನು. ಅದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಒಂದೊಂದು ಘಟ್ಟಕ್ಕೂ ಕಾರಣವೇ ಬೇರೆ.

ಇಲ್ಲಿರುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತದೆ. ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಬೇಕು, ಓರೆಗೆರೆ ಮತ್ತು ಸ್ಪೇಸ್ ಇರುವ ಜಾಗ ತಪ್ಪಬಾರದು.

ಮೊದಲು ಕೈಕಟ್ಟಿ ನೋಡಿ

ಎಲ್ಲ ರೀಸ್ಟಾರ್ಟೂ ದೋಷವಲ್ಲ. ವರ್ಷಕ್ಕೊಮ್ಮೆ ಬರುವ ದೊಡ್ಡ ಫೀಚರ್ ಅಪ್‌ಡೇಟ್ ತಾನಾಗಿಯೇ ಮೂರು ನಾಲ್ಕು ಸಲ ರೀಸ್ಟಾರ್ಟ್ ಮಾಡಿಸುತ್ತದೆ. ಪರದೆಯ ಮೇಲೆ ಶೇಕಡಾವಾರು ಅಂಕಿ ಏರುತ್ತಿದ್ದರೆ, ಹಾರ್ಡ್ ಡಿಸ್ಕ್ ದೀಪ ಮಿನುಗುತ್ತಿದ್ದರೆ, ಕೆಲಸ ನಡೆಯುತ್ತಿದೆ ಎಂದರ್ಥ. ಹಳೆಯ ತಿರುಗುವ ಡಿಸ್ಕ್ ಇರುವ ಯಂತ್ರದಲ್ಲಿ ಇದಕ್ಕೆ ಎರಡು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಆ ಹೊತ್ತಿನಲ್ಲಿ ತಾಳ್ಮೆಗೆಟ್ಟು ಪವರ್ ಕಿತ್ತರೆ, ಅರ್ಧ ಬದಲಾದ ಫೈಲುಗಳೊಂದಿಗೆ ಇಲ್ಲದ ತೊಂದರೆಯನ್ನು ನಾವೇ ತಂದುಕೊಂಡಂತಾಗುತ್ತದೆ.

ಅಂಕಿ ಗಂಟೆಗಟ್ಟಲೆ ಕದಲದಿದ್ದರೆ, ಅಥವಾ ಒಂದೇ ಚಕ್ರ ಮೂರ್ನಾಲ್ಕು ಸಲ ತಿರುಗಿದರೆ ಆಗ ದೋಷ ಖಚಿತ. ಈಗ ಬೀಳುವ ಘಟ್ಟವನ್ನು ಗುರುತಿಸಿ.

ತಯಾರಕರ ಲೋಗೋ ಕೂಡ ಕಾಣಿಸುವ ಮೊದಲೇ, ಅಥವಾ ಬಯಾಸ್ (ವಿಂಡೋಸ್‌ಗಿಂತ ಮೊದಲು ಯಂತ್ರವನ್ನು ಎಬ್ಬಿಸುವ ಮೂಲ ಪ್ರೋಗ್ರಾಂ) ಪರದೆಯಲ್ಲಿ ಸುಮ್ಮನೆ ಬಿಟ್ಟಾಗಲೂ ರೀಸ್ಟಾರ್ಟ್ ಆಗುತ್ತಿದ್ದರೆ ಅದಕ್ಕೂ ವಿಂಡೋಸ್‌ಗೂ ಸಂಬಂಧವಿಲ್ಲ. ಆ ಹಂತದಲ್ಲಿ ವಿಂಡೋಸ್ ಇನ್ನೂ ಲೋಡ್ ಆಗಿರುವುದೇ ಇಲ್ಲ. ನೇರವಾಗಿ ಕೆಳಗಿನ ಹಾರ್ಡ್‌ವೇರ್ ಭಾಗಕ್ಕೆ ಹೋಗಿ.

ಅಪ್‌ಡೇಟ್ ಅಂಕಿ ಒಂದು ಮಟ್ಟಕ್ಕೆ ಬಂದು, 'ಅನ್‌ಡೂಯಿಂಗ್ ಚೇಂಜಸ್' ಎಂದು ತೋರಿಸಿ, ಮತ್ತೆ ಅದೇ ಅಪ್‌ಡೇಟ್ ಹಾಕಲು ಹೊರಡುತ್ತಿದ್ದರೆ ಅಪ್‌ಡೇಟ್ ಅರ್ಧಕ್ಕೆ ನಿಂತಿದೆ. ಜಾಗದ ಕೊರತೆ ಅಥವಾ ಕೆಟ್ಟ ಸಿಸ್ಟಮ್ ಫೈಲ್ ಇದರ ಸಾಮಾನ್ಯ ಕಾರಣ.

ಚುಕ್ಕೆಗಳು ಸುತ್ತಿ, ಲಾಗಿನ್ ಪರದೆಗೆ ಮೊದಲೇ ಬಿದ್ದರೆ ಡ್ರೈವರ್ (ಯಂತ್ರದ ಒಂದೊಂದು ಭಾಗವನ್ನು ವಿಂಡೋಸ್ ಜೊತೆ ಬೆಸೆಯುವ ಪ್ರೋಗ್ರಾಂ) ಅಥವಾ ಅಪ್‌ಡೇಟ್ ಫೈಲುಗಳ ಮೇಲೆ ಅನುಮಾನ. ಲಾಗಿನ್ ಆಗಿ ಐದು ಹತ್ತು ನಿಮಿಷ ಸರಿಯಾಗಿ ನಡೆದು ಆಮೇಲೆ ಬಿದ್ದರೆ ಗ್ರಾಫಿಕ್ಸ್ ಡ್ರೈವರ್, ಆಂಟಿವೈರಸ್, ಬಿಸಿ, ಪವರ್ ಸಪ್ಲೈ ಇವು ಸಾಲಿನಲ್ಲಿ ಬರುತ್ತವೆ.

ಮುಂದೆ ಹೋಗುವ ಮೊದಲು ಕೀಬೋರ್ಡ್, ಮೌಸ್, ಮಾನಿಟರ್ ಬಿಟ್ಟು ಉಳಿದದ್ದನ್ನೆಲ್ಲ ಕಳಚಿ: ಪ್ರಿಂಟರ್, ಪೆನ್ ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್, ಡಾಕ್, ಯುಎಸ್‌ಬಿ ಹಬ್. ಪವರ್ ಕೇಬಲ್ ತೆಗೆದು, ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿದು, ಮತ್ತೆ ಜೋಡಿಸಿ ಆನ್ ಮಾಡಿ. ಇಷ್ಟಕ್ಕೇ ಸರಿಹೋಗುವ ಯಂತ್ರಗಳೂ ಇವೆ. ಹೊಸ ಅಪ್‌ಡೇಟ್‌ಗೆ ಹಳೆಯ ಯುಎಸ್‌ಬಿ ಡ್ರೈವರ್ ಒಗ್ಗದಿದ್ದಾಗ ಆ ಸಾಧನ ತೆಗೆದ ಕೂಡಲೇ ಬೂಟ್ ಆಗುತ್ತದೆ.

ರಿಕವರಿ ಪರದೆಗೆ ಹೋಗುವ ದಾರಿ

ಹಳೆಯ ವಿಂಡೋಸ್‌ನಲ್ಲಿದ್ದಂತೆ ಎಫ್8 ಒತ್ತಿದರೆ ಈಗ ಏನೂ ಬರುವುದಿಲ್ಲ. ವಿಂಡೋಸ್ 8ರಿಂದ ಅದನ್ನು ಮುಚ್ಚಿಟ್ಟಿದ್ದಾರೆ. ಈಗಿನ ದಾರಿ ಹೀಗೆ: ಆನ್ ಮಾಡಿ, ವಿಂಡೋಸ್ ಚುಕ್ಕೆಗಳು ಸುತ್ತಲು ಶುರುವಾದ ಕೂಡಲೇ ಪವರ್ ಬಟನ್ ಅನ್ನು 10 ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ. ಇನ್ನೊಮ್ಮೆ ಹೀಗೇ ಮಾಡಿ. ಮೂರನೇ ಸಲ ಬಿಟ್ಟುಬಿಡಿ. 'ಪ್ರಿಪೇರಿಂಗ್ ಆಟೊಮ್ಯಾಟಿಕ್ ರಿಪೇರ್' ಎಂದು ಬಂದು ನೀಲಿ ಮೆನು ತೆರೆಯುತ್ತದೆ. ಶೇಕಡಾವಾರು ಅಂಕಿ ಕಾಣುತ್ತಿರುವಾಗ ಮಾತ್ರ ಹೀಗೆ ಆಫ್ ಮಾಡಬೇಡಿ.

ಮೆನು ಬಾರದಿದ್ದರೆ, ಬೇರೆ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್ ಬಳಸಿ ಕನಿಷ್ಠ 8 ಜಿಬಿಯ ಪೆನ್ ಡ್ರೈವ್‌ನಲ್ಲಿ ಇನ್‌ಸ್ಟಾಲರ್ ಮಾಡಿಕೊಳ್ಳಿ. ಆ ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಅದರಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಒತ್ತದೆ 'ರಿಪೇರ್ ಯುವರ್ ಕಂಪ್ಯೂಟರ್' ಆರಿಸಿದರೆ ಇದೇ ಮೆನು ಸಿಗುತ್ತದೆ.

ಇಲ್ಲಿ ಬಹಳ ಜನ ಸಿಕ್ಕಿಬೀಳುವ ಜಾಗ ಡಿಸ್ಕಿಗೆ ಬೀಗ ಹಾಕಿಡುವ ವಿಂಡೋಸ್ ಸೌಲಭ್ಯ ಬಿಟ್‌ಲಾಕರ್. ಡ್ರೈವ್ ಎನ್‌ಕ್ರಿಪ್ಟ್ ಆಗಿದ್ದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ನಾವು ಬಿಟ್‌ಲಾಕರ್ ಆನ್ ಮಾಡೇ ಇಲ್ಲವಲ್ಲ ಎನ್ನುವವರ ಲ್ಯಾಪ್‌ಟಾಪ್‌ನಲ್ಲೂ ಇದು ಇರುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಎಷ್ಟೋ ಯಂತ್ರಗಳಲ್ಲಿ ಅದು ತಾನಾಗಿಯೇ ಆನ್ ಆಗಿರುತ್ತದೆ. ಕೀ ಆ ಖಾತೆಯಲ್ಲೇ ಉಳಿದಿರುತ್ತದೆ. ಫೋನಿನಲ್ಲಿ ಖಾತೆಗೆ ಲಾಗಿನ್ ಆಗಿ, ಡಿವೈಸ್ ಪಟ್ಟಿಯಲ್ಲಿ ಈ ಕಂಪ್ಯೂಟರ್ ಹುಡುಕಿ, ಬಿಟ್‌ಲಾಕರ್ ಕೀ ತೆರೆಯಿರಿ. ಪರದೆಯ ಮೇಲಿನ ಕೀ ಐಡಿಯ ಮೊದಲ 8 ಅಕ್ಷರಗಳು ಖಾತೆಯಲ್ಲಿರುವುದಕ್ಕೆ ಹೊಂದಬೇಕು. ಆಫೀಸಿನ ಯಂತ್ರವಾದರೆ ಕೀ ಐಟಿ ವಿಭಾಗದವರ ಬಳಿ ಇರುತ್ತದೆ. ಕೀ ಸಿಗುವ ತನಕ ರೀಸೆಟ್, ಫಾರ್ಮ್ಯಾಟ್ ಯಾವುದನ್ನೂ ಮುಟ್ಟಬೇಡಿ.

ನೀಲಿ ಪರದೆ ಓದುವುದು

ವಿಂಡೋಸ್ ಒಳಗೆ ದೊಡ್ಡ ದೋಷವಾದಾಗ ಸಂದೇಶದ ಪರದೆ ಬರುತ್ತದೆ. ನೀಲಿ ಪರದೆ ಎನ್ನುವುದು ಇದನ್ನೇ, ಈಚಿನ ವಿಂಡೋಸ್ 11ರಲ್ಲಿ ಇದು ಕಪ್ಪು. ಆದರೆ ಕೂಡಲೇ ರೀಸ್ಟಾರ್ಟ್ ಆಗುವಂತೆ ಮೊದಲೇ ಸೆಟ್ ಆಗಿರುವುದರಿಂದ ಅದನ್ನು ಓದಲು ಸಮಯವೇ ಸಿಗುವುದಿಲ್ಲ. ಅದನ್ನು ನಿಲ್ಲಿಸಲು ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಎಂದು ಹೋಗಿ. ಮುಂದಿನ ಪಟ್ಟಿಯಲ್ಲಿ 9 ಅಥವಾ ಎಫ್9 ಒತ್ತಿ. ಈಗ ಯಂತ್ರ ಬಿದ್ದಾಗ ಪರದೆ ಹಾಗೇ ನಿಲ್ಲುತ್ತದೆ. ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ.

'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂದರೆ ವಿಂಡೋಸ್‌ಗೆ ತನ್ನದೇ ಡಿಸ್ಕ್ ಕಾಣುತ್ತಿಲ್ಲ. ಸ್ಟೋರೇಜ್ ಡ್ರೈವರ್ ಬದಲಾಗಿರಬಹುದು, ಇಲ್ಲವೇ ಬಯಾಸ್‌ನಲ್ಲಿ ಸೆಟ್ಟಿಂಗ್ ಬದಲಾಗಿರಬಹುದು. ಬಯಾಸ್ ಅಪ್‌ಡೇಟ್ ಕೂಡ ಕೆಲವು ಸಲ ವಿಂಡೋಸ್ ಅಪ್‌ಡೇಟ್ ಜೊತೆಗೇ ಬರುತ್ತದೆ. ಆಗ ಡಿಸ್ಕ್ ಜೋಡಣೆಯ ಸೆಟ್ಟಿಂಗ್‌ಗಳಾದ ಸಾಟಾ ಮೋಡ್ ಎಎಚ್‌ಸಿಐನಿಂದ ರೇಡ್‌ಗೋ, ಇಂಟೆಲ್ ವಿಎಂಡಿ ಆಫ್‌ನಿಂದ ಆನ್‌ಗೋ ಹೋಗಿದ್ದರೆ ಹಿಂದಿನ ಸ್ಥಿತಿಗೆ ತಂದರೆ ಸಾಕು. 'ಕ್ರಿಟಿಕಲ್ ಪ್ರೊಸೆಸ್ ಡೈಡ್' ಬಂದರೆ ಸಿಸ್ಟಮ್ ಫೈಲು ಅಥವಾ ಡಿಸ್ಕ್ ನೋಡಬೇಕು. 'ವಿಡಿಯೋ ಟಿಡಿಆರ್ ಫೇಲ್ಯೂರ್' ಗ್ರಾಫಿಕ್ಸ್ ಕಡೆಗೆ ಬೆರಳು ತೋರಿಸುತ್ತದೆ. 'ಮೆಮೊರಿ ಮ್ಯಾನೇಜ್‌ಮೆಂಟ್' ಎಂದಿದ್ದರೆ ರ್‍ಯಾಮ್ ಪರೀಕ್ಷೆ ತಪ್ಪಿಸಬೇಡಿ. 'ವೀಯಾ ಅನ್‌ಕರೆಕ್ಟಬಲ್ ಎರರ್' ಹಾರ್ಡ್‌ವೇರ್ ಕೊಟ್ಟ ದೂರು. ಕೆಳಗೆ 'ವಾಟ್ ಫೇಲ್ಡ್' ಎಂಬ ಸಾಲಿನಲ್ಲಿ ಫೈಲಿನ ಹೆಸರಿದ್ದರೆ ಅದೇ ಬಹಳ ದೊಡ್ಡ ಸುಳಿವು, ಹೆಚ್ಚಾಗಿ ಅದು ಯಾವುದೋ ಡ್ರೈವರ್‌ನದು.

ಏನೇ ಮಾಡುವ ಮೊದಲು ಫೈಲುಗಳನ್ನು ಹೊರಗೆ ತೆಗೆಯಿರಿ

ವಿಂಡೋಸ್ ತೆರೆಯದಿದ್ದರೂ ಫೋಟೋ, ದಾಖಲೆಗಳನ್ನು ನಕಲು ಮಾಡಬಹುದು. ಅಡ್ವಾನ್ಸ್‌ಡ್ ಆಪ್ಶನ್ಸ್‌ನಲ್ಲಿ ಆಜ್ಞೆ ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ನೋಟ್‌ಪ್ಯಾಡ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಅದರಲ್ಲಿ ಫೈಲ್, ಓಪನ್ ಒತ್ತಿದಾಗ ತೆರೆಯುವ ಚಿಕ್ಕ ಕಿಟಕಿಯೇ ಇಲ್ಲಿ ನಮ್ಮ ಫೈಲ್ ಎಕ್ಸ್‌ಪ್ಲೋರರ್. ಕೆಳಗೆ ಫೈಲ್ ಬಗೆಯಲ್ಲಿ 'ಆಲ್ ಫೈಲ್ಸ್' ಮಾಡಿಕೊಳ್ಳಿ, ಇಲ್ಲದಿದ್ದರೆ ಟೆಕ್ಸ್ಟ್ ಫೈಲು ಮಾತ್ರ ಕಾಣುತ್ತವೆ. ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್‌ಗೆ ಹೋಗಿ, ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ ಒತ್ತಿ, ಹೊರಗಿನ ಡ್ರೈವ್‌ಗೆ ಹೋಗಿ ಪೇಸ್ಟ್ ಮಾಡಿ. ನಕಲಾಗುವಾಗ ಪ್ರಗತಿ ತೋರಿಸುವ ಪಟ್ಟಿ, ಅಂಕಿ ಏನೂ ಕಾಣುವುದಿಲ್ಲ, ಕಿಟಕಿ ಹೆಪ್ಪುಗಟ್ಟಿದಂತೆ ತೋರುತ್ತದೆ. ಡ್ರೈವ್‌ನ ದೀಪ ಮಿನುಗುವುದು ನಿಲ್ಲುವ ತನಕ ಕಾಯಿರಿ.

ಇದೇ ಕಿಟಕಿಯಲ್ಲಿ ವಿಂಡೋಸ್ ಇರುವ ಡ್ರೈವ್‌ನ ಅಕ್ಷರವನ್ನೂ ಗುರುತು ಹಾಕಿಕೊಳ್ಳಿ. ರಿಕವರಿಯಲ್ಲಿ ಅದು ಸಿ ಆಗಿಯೇ ಇರಬೇಕೆಂದಿಲ್ಲ, ಡಿ ಅಥವಾ ಇ ಆಗಿರಬಹುದು. ಮುಂದಿನ ಆಜ್ಞೆಗಳಲ್ಲಿ ಸಿ ಎಂದಿರುವ ಕಡೆ ನಿಮ್ಮ ಅಕ್ಷರ ಹಾಕಿ.

ಅಪ್‌ಡೇಟ್ ಹಿಂದಕ್ಕೆ ತೆಗೆಯುವುದು

ಇದೇ ಮುಖ್ಯ ಚಿಕಿತ್ಸೆ. ಅಡ್ವಾನ್ಸ್‌ಡ್ ಆಪ್ಶನ್ಸ್‌ನಲ್ಲಿ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್' ಒತ್ತಿದರೆ ಎರಡು ಆಯ್ಕೆ ಬರುತ್ತವೆ. ತಿಂಗಳ ಸಾಮಾನ್ಯ ಅಪ್‌ಡೇಟ್ ಆದಮೇಲೆ ತೊಂದರೆ ಶುರುವಾಗಿದ್ದರೆ 'ಲೇಟೆಸ್ಟ್ ಕ್ವಾಲಿಟಿ ಅಪ್‌ಡೇಟ್' ಆರಿಸಿ. ಹೊಸ ಆವೃತ್ತಿಗೇ ಏರಿದ್ದರೆ 'ಲೇಟೆಸ್ಟ್ ಫೀಚರ್ ಅಪ್‌ಡೇಟ್'. ಎರಡನೆಯದಕ್ಕೆ ಸಾಮಾನ್ಯವಾಗಿ 10 ದಿನಗಳ ಗಡುವು. ಆಮೇಲೆ ಹಳೆಯ ಆವೃತ್ತಿ ಇರುವ ವಿಂಡೋಸ್ ಓಲ್ಡ್ ಫೋಲ್ಡರ್ ತಾನಾಗಿ ಅಳಿಯುತ್ತದೆ. ಡಿಸ್ಕ್ ಕ್ಲೀನಪ್‌ನಲ್ಲಿ ನೀವೇ ಅದನ್ನು ಅಳಿಸಿದ್ದರೂ ಹಿಂದಿರುಗುವ ದಾರಿ ಮುಚ್ಚಿರುತ್ತದೆ.

ಮೆನುವಿನಿಂದ ಆಗದಿದ್ದರೆ, ಅಥವಾ ಅರ್ಧಕ್ಕೆ ನಿಂತ ಅಪ್‌ಡೇಟ್ ಪ್ರತಿ ಸಲ ಮತ್ತೆ ಏಳುತ್ತಿದ್ದರೆ, ಕಮಾಂಡ್ ಪ್ರಾಂಪ್ಟ್‌ನಲ್ಲಿ:

ಡಿಐಎಸ್‌ಎಂ /ಇಮೇಜ್:ಸಿ:\ /ಕ್ಲೀನಪ್-ಇಮೇಜ್ /ರಿವರ್ಟ್‌ಪೆಂಡಿಂಗ್‌ಆಕ್ಷನ್ಸ್

ಬಾಕಿ ಉಳಿದ ಅಪ್‌ಡೇಟ್ ಕೆಲಸಗಳನ್ನು ಇದು ರದ್ದು ಮಾಡುತ್ತದೆ. ಪರಿಣಾಮ ಗೊತ್ತಾಗುವುದು ಮುಂದಿನ ಬೂಟ್‌ನಲ್ಲಿ. ಆಗ ಬದಲಾವಣೆಗಳನ್ನು ಹಿಂದಕ್ಕೆ ತೆಗೆಯುವ ಸಂದೇಶ ಬಹಳ ಹೊತ್ತು ನಿಲ್ಲಬಹುದು, ತಡೆಯಬೇಡಿ. ಸರಿಯಾಗಿ ತೆರೆಯುವ ವಿಂಡೋಸ್ ಮೇಲೆ ಈ ಆಜ್ಞೆಯನ್ನು ಎಂದೂ ಓಡಿಸಬಾರದು, ಇದಿರುವುದು ಬೂಟ್ ಆಗದ ಯಂತ್ರಕ್ಕೆ ಮಾತ್ರ. ಜಾಗವಿಲ್ಲ ಎಂಬ ದೋಷ ಬಂದರೆ ಗಾಬರಿ ಬೇಡ. ರಿಕವರಿ ಪರಿಸರ ಎಕ್ಸ್ ಎಂಬ, ರ್‍ಯಾಮ್‌ನಲ್ಲೇ ಮಾಡಿಕೊಂಡ ಪುಟ್ಟ ಡ್ರೈವ್‌ನಿಂದ ನಡೆಯುತ್ತದೆ, ತುಂಬಿರುವುದು ಅದು. ಸಿ ಡ್ರೈವ್‌ನಲ್ಲಿ ಟೆಂಪ್ ಎಂಬ ಫೋಲ್ಡರ್ ಮಾಡಿ, ಆಜ್ಞೆಯ ಕೊನೆಗೆ /ಸ್ಕ್ರ್ಯಾಚ್‌ಡಿರ್:ಸಿ:\ಟೆಂಪ್ ಸೇರಿಸಿ.

ಒಂದೇ ಒಂದು ಪ್ಯಾಕೇಜ್ ಕೀಳಬೇಕಾದರೆ ಮೊದಲು ಪಟ್ಟಿ ತೆಗೆಯಿರಿ:

ಡಿಐಎಸ್‌ಎಂ /ಇಮೇಜ್:ಸಿ:\ /ಗೆಟ್-ಪ್ಯಾಕೇಜಸ್ > ಸಿ:\ಲಿಸ್ಟ್.ಟಿಎಕ್ಸ್‌ಟಿ

ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ತೀರಾ ಇತ್ತೀಚಿನ ದಿನಾಂಕದ್ದನ್ನು, ಅಥವಾ 'ಇನ್‌ಸ್ಟಾಲ್ ಪೆಂಡಿಂಗ್' ಎಂದಿರುವುದನ್ನು ಹುಡುಕಿ. ತಿಂಗಳ ಅಪ್‌ಡೇಟ್‌ನ ಹೆಸರಿನಲ್ಲಿ ರೋಲಪ್‌ಫಿಕ್ಸ್ ಎಂಬ ಪದ ಇರುತ್ತದೆ. ಹೆಸರು ಉದ್ದವಾಗಿರುವುದರಿಂದ ಕೈಯಲ್ಲಿ ಟೈಪ್ ಮಾಡಬೇಡಿ, ಕಾಪಿ ಮಾಡಿ ಡಿಐಎಸ್‌ಎಂ /ಇಮೇಜ್:ಸಿ:\ /ರಿಮೂವ್-ಪ್ಯಾಕೇಜ್ /ಪ್ಯಾಕೇಜ್‌ನೇಮ್: ಮುಂದೆ ಅಂಟಿಸಿ.

ತಪ್ಪು ನಿಮ್ಮ ಯಂತ್ರದ್ದಲ್ಲದೆ ಅಪ್‌ಡೇಟ್‌ನದೇ ಆಗಿರುವುದೂ ಉಂಟು. 2022ರ ಜನವರಿ 11ರ ಅಪ್‌ಡೇಟ್ ವಿಂಡೋಸ್ ಸರ್ವರ್‌ನ ಡೊಮೇನ್ ಕಂಟ್ರೋಲರ್‌ಗಳನ್ನು (ಸಂಸ್ಥೆಯ ಲಾಗಿನ್‌ಗಳನ್ನು ನೋಡಿಕೊಳ್ಳುವ ಸರ್ವರ್‌ಗಳು) ಪದೇ ಪದೇ ರೀಸ್ಟಾರ್ಟ್ ಮಾಡಿಸಿತು, ಜನವರಿ 17ಕ್ಕೆ ಮೈಕ್ರೋಸಾಫ್ಟ್ ತುರ್ತು ಪರಿಹಾರ ಬಿಡಬೇಕಾಯಿತು. 2024ರ ಜೂನ್‌ನಲ್ಲಿ ಬಂದ ಕೆಬಿ 5039302 (ಕೆಬಿ ಎಂದರೆ ಮೈಕ್ರೋಸಾಫ್ಟ್ ಪ್ರತಿ ಅಪ್‌ಡೇಟ್‌ಗೆ ಕೊಡುವ ಸಂಖ್ಯೆ) ಎಂಬ ಪ್ರಿವ್ಯೂ ಅಪ್‌ಡೇಟ್, ವರ್ಚುವಲ್ ಮೆಷಿನ್ ಬಳಸುವ ಕೆಲವು ವಿಂಡೋಸ್ 11 ಯಂತ್ರಗಳಲ್ಲಿ ಇದೇ ತೊಂದರೆ ತಂದಿತು. ಆದ್ದರಿಂದ ಅಪ್‌ಡೇಟ್‌ನ ಕೆಬಿ ಸಂಖ್ಯೆ ಬರೆದಿಟ್ಟುಕೊಂಡು, ಮೈಕ್ರೋಸಾಫ್ಟ್‌ನ ರಿಲೀಸ್ ಹೆಲ್ತ್ ಪುಟದಲ್ಲಿ ಅದರ ಬಗ್ಗೆ ಏನು ಹೇಳಿದ್ದಾರೆಂದು ನೋಡುವುದು ಒಳ್ಳೆಯದು.

ಸೇಫ್ ಮೋಡ್

ಸ್ಟಾರ್ಟಪ್ ಸೆಟ್ಟಿಂಗ್ಸ್ ಪಟ್ಟಿಯಲ್ಲಿ 4 ಒತ್ತಿದರೆ ಸೇಫ್ ಮೋಡ್, 5 ಒತ್ತಿದರೆ ಇಂಟರ್ನೆಟ್ ಸಹಿತ ಸೇಫ್ ಮೋಡ್. ಇಲ್ಲಿ ವಿಂಡೋಸ್ ತೀರಾ ಅಗತ್ಯದ ಡ್ರೈವರ್‌ಗಳನ್ನು ಮಾತ್ರ ಎತ್ತಿಕೊಳ್ಳುತ್ತದೆ. ಸೇಫ್ ಮೋಡ್‌ನಲ್ಲಿ ಅರ್ಧ ಗಂಟೆ ಬೀಳದೆ ನಿಂತರೆ ಡ್ರೈವರ್ ಅಥವಾ ಹೊರಗಿನ ಪ್ರೋಗ್ರಾಂ ಕಾರಣ ಎಂದು ಧೈರ್ಯವಾಗಿ ಮುಂದುವರಿಯಬಹುದು. ಅಲ್ಲೂ ಬಿದ್ದರೆ ಹಾರ್ಡ್‌ವೇರ್ ಕಡೆ ಅನುಮಾನ ಬಲವಾಗುತ್ತದೆ.

ಮೊದಲ ಕೆಲಸ ಗ್ರಾಫಿಕ್ಸ್. ಡಿವೈಸ್ ಮ್ಯಾನೇಜರ್, ಡಿಸ್‌ಪ್ಲೇ ಅಡಾಪ್ಟರ್ಸ್, ಪ್ರಾಪರ್ಟೀಸ್, ಡ್ರೈವರ್ ಟ್ಯಾಬ್‌ನಲ್ಲಿ 'ರೋಲ್ ಬ್ಯಾಕ್ ಡ್ರೈವರ್'. ಆ ಬಟನ್ ಮಂಕಾಗಿದ್ದರೆ ಹಿಂದಿನ ಡ್ರೈವರ್ ಉಳಿದಿಲ್ಲ. ಆಗ 'ಅನ್‌ಇನ್‌ಸ್ಟಾಲ್ ಡಿವೈಸ್' ಒತ್ತಿ, ಡ್ರೈವರ್ ಅಳಿಸುವ ಚೌಕಕ್ಕೂ ಟಿಕ್ ಹಾಕಿ. ರೀಸ್ಟಾರ್ಟ್ ಆದಮೇಲೆ ವಿಂಡೋಸ್ ತನ್ನ ಸಾಮಾನ್ಯ ಡ್ರೈವರ್‌ನಿಂದ ನಡೆಯುತ್ತದೆ. ತಯಾರಕರ ತಾಣದಿಂದ ಸರಿಯಾದುದನ್ನು ಆಮೇಲೆ ಹಾಕಿಕೊಳ್ಳಬಹುದು.

ಎರಡನೆಯದು ಆಂಟಿವೈರಸ್. ಇವು ವಿಂಡೋಸ್‌ನ ತಿರುಳಿನಲ್ಲೇ ಕೂತು ಕೆಲಸ ಮಾಡುತ್ತವೆ, ಹಾಗಾಗಿ ಬಿದ್ದರೆ ಯಂತ್ರವನ್ನೂ ಕೆಡವುತ್ತವೆ. 2024ರ ಜುಲೈ 19ರಂದು ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್ ಬಿಟ್ಟ ಒಂದು ದೋಷಪೂರಿತ ಫೈಲಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಪರಿಹಾರ ಇದ್ದದ್ದು ಸೇಫ್ ಮೋಡ್‌ಗೆ ಹೋಗಿ ಆ ಫೈಲನ್ನು ಅಳಿಸುವುದರಲ್ಲಿ. ಹೊರಗಿನ ಆಂಟಿವೈರಸ್ ತೆಗೆಯಲು ಆಯಾ ಕಂಪನಿಯದೇ ರಿಮೂವಲ್ ಟೂಲ್ ಬಳಸಿ. ಸಾಮಾನ್ಯ ಅನ್‌ಇನ್‌ಸ್ಟಾಲರ್ ಸೇಫ್ ಮೋಡ್‌ನಲ್ಲಿ ಎಷ್ಟೋ ಸಲ ಓಡುವುದೇ ಇಲ್ಲ.

ಸಿ ಡ್ರೈವ್‌ನಲ್ಲಿ ಎಷ್ಟು ಜಾಗ ಉಳಿದಿದೆ ಎಂದೂ ಇಲ್ಲೇ ನೋಡಿ. ಫೀಚರ್ ಅಪ್‌ಡೇಟ್‌ಗೆ 20 ಜಿಬಿಯಷ್ಟಾದರೂ ಖಾಲಿ ಇದ್ದರೆ ನಿಶ್ಚಿಂತೆ. ಅನ್‌ಡೂಯಿಂಗ್ ಚೇಂಜಸ್ ಚಕ್ರದಲ್ಲಿ ಸಿಕ್ಕವರು ಜಾಗ ಮಾಡಿಕೊಟ್ಟು, ಸರ್ವಿಸಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಮತ್ತು ಬಿಟ್ಸ್ (ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್ ಸರ್ವಿಸ್) ಎರಡನ್ನೂ ನಿಲ್ಲಿಸಿ, ವಿಂಡೋಸ್ ಫೋಲ್ಡರ್ ಒಳಗಿನ ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಶನ್ ಎಂಬ ಫೋಲ್ಡರ್‌ನ ಹೆಸರು ಬದಲಿಸಬೇಕು. ಮುಂದಿನ ಸಲ ಅಪ್‌ಡೇಟ್ ಹೊಸದಾಗಿ ಡೌನ್‌ಲೋಡ್ ಆಗುತ್ತದೆ.

ಫೈಲು, ಡಿಸ್ಕ್ ರಿಪೇರಿ

ಸೇಫ್ ಮೋಡ್ ಕೂಡ ತೆರೆಯದಿದ್ದರೆ ರಿಕವರಿಯ ಕಮಾಂಡ್ ಪ್ರಾಂಪ್ಟ್‌ನಿಂದ ಸಿಸ್ಟಮ್ ಫೈಲುಗಳನ್ನು ನೋಡಿ ಸರಿಮಾಡುವ ಆಜ್ಞೆ ಓಡಿಸಿ:

ಎಸ್‌ಎಫ್‌ಸಿ /ಸ್ಕ್ಯಾನ್‌ನೌ /ಆಫ್‌ಬೂಟ್‌ಡಿರ್=ಸಿ:\ /ಆಫ್‌ವಿನ್‌ಡಿರ್=ಸಿ:\ವಿಂಡೋಸ್

ಕೊನೆಯ ಎರಡು ತುಂಡು ಬಿಟ್ಟು ಬರೀ ಸ್ಕ್ಯಾನ್‌ನೌ ಹಾಕಿದರೆ ಅದು ನಿಮ್ಮ ವಿಂಡೋಸ್ ಬಿಟ್ಟು ರಿಕವರಿ ಪರಿಸರವನ್ನೇ ನೋಡಲು ಹೊರಡುತ್ತದೆ. ಆಜ್ಞೆ ಕೆಲಸ ಮಾಡಲಿಲ್ಲ ಎಂಬ ದೂರಿಗೆ ಹೆಚ್ಚಾಗಿ ಇದೇ ಕಾರಣ.

ನಂತರ ಡಿಸ್ಕ್‌ಗೆ ಚೆಕ್‌ಡಿಸ್ಕ್, ಅಂದರೆ ಸಿಎಚ್‌ಕೆಡಿಎಸ್‌ಕೆ ಸಿ: /ಎಫ್. ಇನ್ನೂ ಆಳಕ್ಕೆ ಹೋಗುವ /ಆರ್ ದೊಡ್ಡ ಹಾರ್ಡ್ ಡಿಸ್ಕ್‌ನಲ್ಲಿ ಹಲವಾರು ಗಂಟೆ ತೆಗೆದುಕೊಳ್ಳುತ್ತದೆ. ಡಿಸ್ಕ್‌ನಿಂದ ಕಟಕಟ ಸದ್ದು ಬರುತ್ತಿದ್ದರೆ ಅದನ್ನು ಓಡಿಸಲೇಬೇಡಿ. ಸಾಯುತ್ತಿರುವ ಡಿಸ್ಕ್ ಅಷ್ಟು ದುಡಿತ ತಾಳುವುದಿಲ್ಲ, ಉಳಿದ ಫೈಲುಗಳೂ ಕೈತಪ್ಪುತ್ತವೆ.

ಬೂಟ್ ಫೈಲುಗಳನ್ನು ಸರಿಮಾಡುವ ಬೂಟ್‌ರೆಕ್ ಆಜ್ಞೆಗಳನ್ನು ಎಲ್ಲ ಕಡೆ ಶಿಫಾರಸು ಮಾಡುತ್ತಾರೆ. ಚುಕ್ಕೆಗಳು ಸುತ್ತುವ ತನಕ ಯಂತ್ರ ಬರುತ್ತಿದೆ ಎಂದರೆ ಬೂಟ್ ಫೈಲುಗಳು ತಮ್ಮ ಕೆಲಸ ಮುಗಿಸಿವೆ. ಅಂಥಲ್ಲಿ ಬೂಟ್‌ರೆಕ್‌ನಿಂದ ಉಪಯೋಗವಿಲ್ಲ, ಇದ್ದದ್ದನ್ನು ಕೆಡಿಸಿಕೊಳ್ಳುವ ಅಪಾಯ ಮಾತ್ರ ಇದೆ.

ಹಾರ್ಡ್‌ವೇರ್

ಅಪ್‌ಡೇಟ್ ನಡೆಯುವಾಗ ಪ್ರೊಸೆಸರ್, ಡಿಸ್ಕ್, ರ್‍ಯಾಮ್ ಮೂರೂ ಬಹಳ ಹೊತ್ತು ಬಿಡುವಿಲ್ಲದೆ ದುಡಿಯುತ್ತವೆ. ಅಲ್ಲಿಯ ತನಕ ಹೇಗೋ ಸಾಗುತ್ತಿದ್ದ ಸೊರಗಿದ ಭಾಗ ಆಗ ಕೈಕೊಡುತ್ತದೆ, ಆಪಾದನೆ ಅಪ್‌ಡೇಟ್ ಮೇಲೆ ಬರುತ್ತದೆ. ಎರಡನ್ನೂ ಬೇರ್ಪಡಿಸಲು, ವಿಂಡೋಸ್ ಬರೆದಿಡುವ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ಸಾಕು. ಸೇಫ್ ಮೋಡ್‌ನಲ್ಲಿ ಅದನ್ನು ತೆರೆದು, ವಿಂಡೋಸ್ ಲಾಗ್ಸ್, ಸಿಸ್ಟಮ್ ಎಂದು ಹೋಗಿ, ಬಿದ್ದ ಸಮಯದ ಸಾಲುಗಳನ್ನು ನೋಡಿ. ಈವೆಂಟ್ ಐಡಿ 1074 ಎಂದಿದ್ದರೆ ಯಾವುದೋ ಪ್ರೋಗ್ರಾಂ ಬೇಕೆಂದೇ ರೀಸ್ಟಾರ್ಟ್ ಮಾಡಿದೆ, ಅದರ ಹೆಸರೂ ಅಲ್ಲಿರುತ್ತದೆ. 'ಕರ್ನಲ್ ಪವರ್ 41' ಎಂದಿದ್ದರೆ ಡೀಟೇಲ್ಸ್ ಟ್ಯಾಬ್‌ನಲ್ಲಿ ಬಗ್‌ಚೆಕ್‌ಕೋಡ್ ಸಾಲು ಓದಿ. ಅಲ್ಲಿ 0 ಇದ್ದರೆ ನೀಲಿ ಪರದೆ ಬರುವಷ್ಟೂ ವ್ಯವಧಾನವಿಲ್ಲದೆ ಕರೆಂಟು ಕಡಿದಂತೆ ಯಂತ್ರ ನಿಂತಿದೆ ಎಂದರ್ಥ. ಪವರ್ ಸಪ್ಲೈ, ಬಿಸಿ, ಮದರ್‌ಬೋರ್ಡ್ ಈ ಕಡೆ ಹುಡುಕಿ. 292 ಇದ್ದರೆ ಅದು ಆಗಲೇ ಹೇಳಿದ ವೀಯಾ ದೋಷ. 159 ಇದ್ದರೆ ಯಾವುದೋ ಡ್ರೈವರ್ ಸ್ಲೀಪ್ ಮತ್ತು ಪವರ್ ಸ್ಥಿತಿ ಬದಲಾಗುವಾಗ ಎಡವಿದೆ.

ರ್‍ಯಾಮ್ ಎರಡು ಪಟ್ಟಿ ಇದ್ದರೆ ಪವರ್ ಕೇಬಲ್ ತೆಗೆದು ಒಂದನ್ನು ಕಳಚಿ, ಒಂದೊಂದರಿಂದಲೇ ಬೂಟ್ ಮಾಡಿ ನೋಡಿ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಇದ್ದರೆ ಆಫ್ ಮಾಡಿ. ರ್‍ಯಾಮ್ ಅನ್ನು ಅದರ ಮೂಲ ವೇಗಕ್ಕಿಂತ ಮೇಲೆ ಓಡಿಸುವ ಸೆಟ್ಟಿಂಗ್ ಅದು. ಪೂರ್ತಿ ಪರೀಕ್ಷೆಗೆ ಮೆಮ್‌ಟೆಸ್ಟ್86 ಪೆನ್ ಡ್ರೈವ್‌ನಿಂದ ಓಡಿಸಿ, ನಾಲ್ಕು ಸುತ್ತು ಮುಗಿಯುವ ತನಕ ಬಿಡಿ. ಒಂದೇ ಒಂದು ದೋಷ ಬಂದರೂ ಆ ಪಟ್ಟಿ ಬದಲಿಸಬೇಕು. ಫ್ಯಾನ್ ತಿರುಗುತ್ತಿದೆಯೇ, ಹೀಟ್ ಸಿಂಕ್‌ನಲ್ಲಿ ಧೂಳು ಕಟ್ಟಿದೆಯೇ ನೋಡಿ. ಬಯಾಸ್‌ನಲ್ಲಿ ಗಡಿಯಾರ ಪ್ರತಿ ಸಲ ಹಳೆಯ ದಿನಾಂಕಕ್ಕೆ ಹೋಗುತ್ತಿದ್ದರೆ 3 ವೋಲ್ಟ್‌ನ ಸಿಆರ್2032 ಸೆಲ್ ಮುಗಿದಿದೆ. ಅದರ ಜೊತೆ ಬಯಾಸ್ ಸೆಟ್ಟಿಂಗ್‌ಗಳೂ ಮೂಲಕ್ಕೆ ಮರಳುವುದರಿಂದ ಡಿಸ್ಕ್ ಕಾಣದ ತೊಂದರೆ ಹುಟ್ಟುತ್ತದೆ. ಪವರ್ ಸಪ್ಲೈಯನ್ನು ಮಾತ್ರ ಬಿಚ್ಚಬೇಡಿ, ಕೇಬಲ್ ಕಿತ್ತಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಬೇರೆ ಸಪ್ಲೈ ಹಾಕಿ ನೋಡುವುದೇ ಸರಿಯಾದ ಪರೀಕ್ಷೆ.

ಇಷ್ಟಾದರೂ ಬಗೆಹರಿಯದಿದ್ದರೆ

ಹೇಗಾದರೂ ಡೆಸ್ಕ್‌ಟಾಪ್ ತನಕ ಬರುತ್ತಿದ್ದರೆ, ಇನ್‌ಸ್ಟಾಲರ್ ಪೆನ್ ಡ್ರೈವ್‌ನಲ್ಲಿರುವ ಸೆಟಪ್ ಫೈಲನ್ನು ವಿಂಡೋಸ್ ಒಳಗಿನಿಂದಲೇ ಓಡಿಸಿ, 'ಕೀಪ್ ಫೈಲ್ಸ್ ಅಂಡ್ ಆಪ್ಸ್' ಆರಿಸಿ. ಸಿಸ್ಟಮ್ ಫೈಲುಗಳೆಲ್ಲ ಹೊಸದಾಗುತ್ತವೆ, ಪ್ರೋಗ್ರಾಂಗಳು ಉಳಿಯುತ್ತವೆ. ಪೆನ್ ಡ್ರೈವ್‌ನಿಂದ ಬೂಟ್ ಮಾಡಿದರೆ ಈ ಆಯ್ಕೆ ಸಿಗುವುದಿಲ್ಲ. ಡೆಸ್ಕ್‌ಟಾಪ್ ಬಾರದಿದ್ದರೆ ಟ್ರಬಲ್‌ಶೂಟ್‌ನಲ್ಲಿ 'ರೀಸೆಟ್ ದಿಸ್ ಪಿಸಿ', 'ಕೀಪ್ ಮೈ ಫೈಲ್ಸ್'. ಫೈಲುಗಳು ಉಳಿದು ಪ್ರೋಗ್ರಾಂಗಳು ಹೋಗುತ್ತವೆ. ಒಳಗಿನ ಫೈಲುಗಳೇ ಕೆಟ್ಟಿರುವ ಅನುಮಾನ ಇದ್ದರೆ 'ಕ್ಲೌಡ್ ಡೌನ್‌ಲೋಡ್' ಒಳ್ಳೆಯದು, ಅದಕ್ಕೆ 4 ಜಿಬಿಗೂ ಹೆಚ್ಚು ಡೇಟಾ ಬೇಕಾಗಬಹುದು.

ಯಂತ್ರ ಸರಿಯಾಗಿ ಎದ್ದ ಕೂಡಲೇ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ನಲ್ಲಿ 'ಪಾಜ್ ಅಪ್‌ಡೇಟ್ಸ್' ಒತ್ತಿ. ಇದನ್ನು ಬಿಟ್ಟರೆ ಕಿತ್ತ ಅಪ್‌ಡೇಟ್ ಅಂದು ರಾತ್ರಿಯೇ ಮತ್ತೆ ಇಳಿದು ಇದೇ ಚಕ್ರ ಶುರುವಾಗಬಹುದು. ಐದು ವಾರಗಳ ತನಕ ತಡೆಹಿಡಿಯಬಹುದು, ಅಷ್ಟರಲ್ಲಿ ಮುಂದಿನ ತಿಂಗಳ ಅಪ್‌ಡೇಟ್ ಬಂದಿರುತ್ತದೆ. ಆ ಬಿಡುವಿನಲ್ಲಿ ಗ್ರಾಫಿಕ್ಸ್, ಸ್ಟೋರೇಜ್ ಡ್ರೈವರ್ ಮತ್ತು ಬಯಾಸ್‌ಗಳನ್ನು ತಯಾರಕರ ತಾಣದಿಂದ ಹೊಸದಕ್ಕೆ ತನ್ನಿ, ಬಿಟ್‌ಲಾಕರ್ ಕೀ ಕಾಗದದ ಮೇಲೆ ಬರೆದಿಡಿ, ಆಮೇಲೆ ಅಪ್‌ಡೇಟ್ ಬಿಡಿ. ಅನಿರ್ದಿಷ್ಟವಾಗಿ ನಿಲ್ಲಿಸಬೇಡಿ. ಭದ್ರತೆಯ ತೇಪೆಗಳೆಲ್ಲ ಬರುವುದು ಇದೇ ತಿಂಗಳ ಅಪ್‌ಡೇಟ್‌ನಲ್ಲಿ.